ಮಂತ್ರಿಯಾಗಿದ್ದವರು ರೀಜನ್‌ಗೆ ಬಂದರೆ ಹಿಂಬಡ್ತಿಯೇ?

ಸ್ವೀಡನ್‌ನ ರಾಜಕಾರಣಿ ಐದಾ ಹಾಜಿಯಾಲಿಚ್ ಅಲ್ಲಿನ ಕೇಂದ್ರ ಸರ್ಕಾರದಲ್ಲಿ ಮಂತ್ರಿಯಾಗಿದ್ದವರು, ಈಗ ಸ್ಟಾಕ್‌ಹೋಮ್ ರೀಜನ್‌ಗೆ (ರಾಜಧಾನಿ ಪ್ರದೇಶದ ಚುನಾಯಿತ ಆಡಳಿತಕ್ಕೆ) ಬಂದದ್ದು ಹಿಂಬಡ್ತಿ ಅಲ್ಲವೇ, ವರ್ಕ್ ಪರ್ಮಿಟ್ ಮೇಲೆ ಬಂದ ನಮಗೂ ಇದಕ್ಕೂ ಏನು ಸಂಬಂಧ ಅಂತ ಕೇಳಿದ್ದೀರಿ.

ಮೊದಲು ಅವರ ದಾರಿ. 1987ರಲ್ಲಿ ಬೋಸ್ನಿಯಾದ ಫೋಚಾದಲ್ಲಿ ಹುಟ್ಟಿ, ಯುದ್ಧದ ಕಾಲಕ್ಕೆ ಐದು ವರ್ಷದ ಮಗುವಾಗಿ ಸ್ವೀಡನ್‌ಗೆ ಬಂದವರು. 23ಕ್ಕೇ ಹಾಲ್ಮ್‌ಸ್ತಾದ್ ನಗರಾಡಳಿತದಲ್ಲಿ ಉಪಮೇಯರ್ ದರ್ಜೆ. 2014ರಲ್ಲಿ, 27ನೇ ವಯಸ್ಸಿಗೆ, ನಮ್ಮ ಪಿಯುಸಿಗೆ ಸಮನಾದ ಹಂತ ಮತ್ತು ವಯಸ್ಕರ ಶಿಕ್ಷಣದ ಸಚಿವೆ. 2016ರ ಆಗಸ್ಟ್‌ನಲ್ಲಿ ಕೋಪನ್‌ಹೇಗನ್‌ನಿಂದ ಸೇತುವೆ ದಾಟಿ ಕಾರಿನಲ್ಲಿ ಬರುವಾಗ ಮಾಲ್ಮೋದಲ್ಲಿ ಮದ್ಯ ಕುಡಿದು ಓಡಿಸಿದ್ದಕ್ಕೆ ತಪಾಸಣೆಯಲ್ಲಿ ಸಿಕ್ಕಿಬಿದ್ದು ರಾಜೀನಾಮೆ ಕೊಟ್ಟರು. ರಕ್ತದಲ್ಲಿದ್ದ ಮದ್ಯದ ಅಂಶ 0.2 ಪ್ರೊಮಿಲ್ (ಸಾವಿರಕ್ಕೆ 0.2 ಭಾಗ), ಇಲ್ಲಿ ಅಪರಾಧ ಶುರುವಾಗುವುದೇ ಅಲ್ಲಿಂದ. ಭಾರತದ ಮಿತಿ 0.3, ಊರಿನ ಲೆಕ್ಕ ಇಟ್ಟುಕೊಂಡು ಸ್ಟೇರಿಂಗ್ ಹಿಡಿಯಬೇಡಿ. 2022ರ ಚುನಾವಣೆಯಲ್ಲಿ 16 ವರ್ಷದ, ಬಲಪಂಥೀಯ ಮೋಡರಾಟ್ ಪಕ್ಷದ ಆಡಳಿತ ಬಿದ್ದ ಮೇಲೆ ರೀಜನ್‌ನ ಚುಕ್ಕಾಣಿ ಇವರಿಗೆ ಸಿಕ್ಕಿತು.

ಹಿಂಬಡ್ತಿ ಅನ್ನಿಸುವುದು ಜಿಲ್ಲಾ ಪಂಚಾಯ್ತಿಯ ಕಣ್ಣಿನಿಂದ ನೋಡಿದರೆ. ಇಲ್ಲಿ ರೀಜನ್‌ಗೆ ಸ್ವಂತ ತೆರಿಗೆ ಹಾಕುವ ಅಧಿಕಾರವಿದೆ: ತೆರಿಗೆ ಬೀಳುವ ಆದಾಯದ ಪ್ರತಿ 100 ಕ್ರೋನರ್‌ನಲ್ಲಿ ಸುಮಾರು 12 ಸ್ಟಾಕ್‌ಹೋಮ್ ರೀಜನ್‌ಗೆ ಹೋಗುತ್ತದೆ. ಆಸ್ಪತ್ರೆ, ವೋರ್ಡ್‌ಸೆಂಟ್ರಾಲ್ (ಪ್ರಾಥಮಿಕ ಆರೋಗ್ಯ ಕೇಂದ್ರ), ಸಾರಿಗೆ ಸಂಸ್ಥೆ ಎಸ್‌ಎಲ್‌ನ ಮೆಟ್ರೋ-ಬಸ್ಸು ಎಲ್ಲ ಅದರ ಕೈಯಲ್ಲಿ. ಆಪರೇಷನ್‌ಗೆ ತಿಂಗಳುಗಟ್ಟಲೆ ಕಾಯಿಸಿದರೆ ಆರೋಗ್ಯ ಸಚಿವರಿಗೆ ಬರೆದು ಫಲವಿಲ್ಲ, ರೀಜನ್‌ಗೇ ಬರೆಯಬೇಕು. ಮಗುವಿನ ಶಾಲೆ, ಡೇಕೇರ್ ವಿಷಯವಾದರೆ ಕೊಮ್ಯೂನ್ (ಸ್ಥಳೀಯ ನಗರಾಡಳಿತ).

ಇನ್ನು ನಿಮ್ಮ ಸಂಬಂಧ. ಪೌರತ್ವ ಇಲ್ಲದೆ ಸಂಸತ್ತಿಗೆ ಮತ ಹಾಕುವಂತಿಲ್ಲ. ಆದರೆ 18 ತುಂಬಿ, ಚುನಾವಣೆ ದಿನಕ್ಕೆ ಮುಂಚೆ ಸತತ ಮೂರು ವರ್ಷ ತೆರಿಗೆ ಇಲಾಖೆಯ ಜನನೋಂದಣಿಯಲ್ಲಿ ನಿಮ್ಮ ಹೆಸರಿದ್ದರೆ ರೀಜನ್ ಮತ್ತು ಕೊಮ್ಯೂನ್ ಎರಡಕ್ಕೂ ಹಾಕಬಹುದು. ಅರ್ಜಿ ಬೇಕಿಲ್ಲ, ರೋಸ್ಟ್‌ಕೂರ್ಟ್ (ಮತದಾರರ ಕಾರ್ಡ್) ಮನೆಗೇ ಬರುತ್ತದೆ. ರೀಜನ್‌ನ ಮತಚೀಟಿ ನೀಲಿ, ಕೊಮ್ಯೂನ್‌ನದು ಬಿಳಿ. ಸಂಸತ್ತಿನ ಹಳದಿ ಚೀಟಿ ನಿಮಗಲ್ಲ. ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ, ಸೆಪ್ಟೆಂಬರಿನ ಎರಡನೇ ಭಾನುವಾರ, 2026ರದು 13ಕ್ಕೆ.

ಎಡವುವುದು ಎರಡು ಕಡೆ. ಮೊದಲನೆಯದು ಕೋಆರ್ಡಿನೇಷನ್ ನಂಬರ್ (ಜನನೋಂದಣಿಯಲ್ಲಿ ಇಲ್ಲದವರಿಗೆ ಕೊಡುವ ಗುರುತಿನ ಸಂಖ್ಯೆ): ಅದು ಪರ್ಸೂನ್‌ನುಮ್ಮರ್ (ನೋಂದಣಿಯಾದವರ ಗುರುತಿನ ಸಂಖ್ಯೆ) ಅಲ್ಲ, ಅದರ ಮೇಲೆ ಕಳೆದ ವರ್ಷಗಳು ಲೆಕ್ಕಕ್ಕೆ ಬರುವುದಿಲ್ಲ. ಎರಡನೆಯದು, ಒಂದು ವರ್ಷ ಅಥವಾ ಹೆಚ್ಚು ಕಾಲಕ್ಕೆಂದು ಊರಿಗೆ ಹೋಗಿ ನೋಂದಣಿಯಿಂದ ಹೆಸರು ಹೋದರೆ, ವಾಪಸ್ ಬಂದ ಮೇಲೆ ಮೂರು ವರ್ಷ ಮತ್ತೆ ಮೊದಲಿನಿಂದ.