ಬಾಡಿಗೆ ಮನೆಯೋ, ಬಡ್ಡಿಯ ಆದಾಯವೋ: ನಿವೃತ್ತ ದಂಪತಿಯ ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗಬಾರದೆಂಬ ಕಾರಣಕ್ಕೆ ಈ ದಂಪತಿಯ ಉದ್ಯೋಗವನ್ನೂ ಕೆಲವು ವಿವರಗಳನ್ನೂ ಬದಲಿಸಿದ್ದೇನೆ; ಅವರು ಕೇಳಿದ ಪ್ರಶ್ನೆಯನ್ನು ಮಾತ್ರ ಮುಟ್ಟಿಲ್ಲ. ಯಜಮಾನರು ಅರವತ್ತು ತುಂಬಿ ಖಾಸಗಿ ಕಾರ್ಖಾನೆಯೊಂದರಿಂದ ನಿವೃತ್ತರಾಗಿದ್ದರು, ಪತ್ನಿಗೆ ಐವತ್ತಾರು ವರ್ಷ. ಭವಿಷ್ಯನಿಧಿ, ಗ್ರಾಚ್ಯುಟಿ ಮತ್ತು ಹಿಂದಿನ ಉಳಿತಾಯವೆಲ್ಲ ಸೇರಿ ಕೈಯಲ್ಲಿ 54 ಲಕ್ಷ ರೂಪಾಯಿ ಇತ್ತು. ನೌಕರರ ಪಿಂಚಣಿ ಯೋಜನೆಯಿಂದ ತಿಂಗಳಿಗೆ ಸುಮಾರು 3,000 ರೂಪಾಯಿ ಬರುತ್ತಿತ್ತು. ಖರ್ಚು ಎಷ್ಟು ಬಿಗಿಹಿಡಿದರೂ 32,000ಕ್ಕೆ ಕಡಿಮೆಯಾಗುತ್ತಿರಲಿಲ್ಲ. ಶಿವಮೊಗ್ಗದ ಹಳೆಯ ಬಡಾವಣೆಯೊಂದರಲ್ಲಿ ಮಹಡಿಯಿರುವ ಸ್ವಂತ ಮನೆ, ತೀರ್ಥಹಳ್ಳಿ ಕಡೆ ಅಣ್ಣತಮ್ಮಂದಿರ ಜಂಟಿ ಅಡಿಕೆ ತೋಟದಲ್ಲಿ ಒಂದು ಪಾಲು, ಪುಣೆಯಲ್ಲಿ ಕೆಲಸದಲ್ಲಿರುವ ಒಬ್ಬ ಮಗ.

ಯಜಮಾನರು ಬರುವಾಗಲೇ ತೀರ್ಮಾನ ಮಾಡಿಕೊಂಡಿದ್ದರು. ಗೋಪಾಳದ ಕಡೆ ಎರಡು ಸಂಸಾರ ಇರಬಹುದಾದ ಮನೆಯೊಂದು 48 ಲಕ್ಷಕ್ಕೆ ಮಾರಾಟಕ್ಕಿತ್ತು, ಎರಡೂ ಭಾಗಗಳಿಂದ ತಲಾ 8,500ರಂತೆ ತಿಂಗಳಿಗೆ 17,000 ಬಾಡಿಗೆ ಬರುತ್ತಿತ್ತು. ಅದನ್ನು ಕೊಂಡರೆ ಅಸಲು ಕಣ್ಣೆದುರಿಗೇ ಇರುತ್ತದೆ, ಬಾಡಿಗೆ ವರ್ಷವರ್ಷ ಏರುತ್ತದೆ, ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣವಾದ ಮೇಲೆ ಊರು ಬೆಳೆಯುತ್ತಿರುವುದರಿಂದ ಬೆಲೆಯೂ ಏರುತ್ತದೆ ಎಂಬುದು ಅವರ ವಾದ. ಅವರ ತಂದೆ ಸಾಲಕ್ಕಾಗಿ ತೋಟದ ಒಂದು ಭಾಗವನ್ನು ಮಾರಿದ್ದರಂತೆ. ಕೈಬಿಟ್ಟ ನೆಲ ಮತ್ತೆ ಬರಲಿಲ್ಲವೆಂಬ ನೋವು ಅವರ ಪ್ರತಿ ಮಾತಿನಲ್ಲೂ ಇತ್ತು. ಇಂಥ ನೋವನ್ನು ಲೆಕ್ಕದ ಹಾಳೆಯಿಂದ ತಳ್ಳಿಹಾಕಲು ನಾನು ಎಂದೂ ಹೋಗುವುದಿಲ್ಲ. ಮಲೆನಾಡಿನಲ್ಲಿ ಆಸ್ತಿಯೆಂದರೆ ಆದಾಯ ಮಾತ್ರವಲ್ಲ, ಮನೆತನದ ಮರ್ಯಾದೆಯೂ ಹೌದು. ಆದರೆ ಮರ್ಯಾದೆಗೆಂದು ಕೊಳ್ಳುವ ಮನೆಯನ್ನು ಜೀವನೋಪಾಯವೆಂದು ಕರೆದರೆ ಮುಂದೆ ಇಬ್ಬರೂ ಕಷ್ಟಪಡುತ್ತಾರೆ. ಆದ್ದರಿಂದ ಆ ಮನೆ ತಿಂಗಳಿಗೆ ನಿಜವಾಗಿ ಏನು ಕೊಡುತ್ತದೆ ಎಂಬುದನ್ನು ಮೊದಲು ಬರೆದು ನೋಡೋಣವೆಂದೆ.

ಮನೆಯ ಬೆಲೆಯ ಮೇಲೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್, ಜೊತೆಗೆ 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿರುವ ನೋಂದಣಿ ಶುಲ್ಕ. ಇಷ್ಟಕ್ಕೇ ಮೂರೂವರೆ ಲಕ್ಷ ದಾಟುತ್ತದೆ. ದಲ್ಲಾಳಿಯ ಕಮಿಷನ್ನು, ಕೊಂಡ ಕೂಡಲೇ ಮಾಡಿಸಲೇಬೇಕಾದ ರಿಪೇರಿ ಸೇರಿಸಿದರೆ 54 ಲಕ್ಷವೂ ಅಲ್ಲಿಗೇ ಮುಗಿಯುತ್ತದೆ. ವರ್ಷದ ಬಾಡಿಗೆ 2,04,000. ಬಾಡಿಗೆದಾರರು ಬದಲಾಗುವಾಗ ಸರಾಸರಿ ಒಂದು ತಿಂಗಳು ಮನೆ ಖಾಲಿ ಬೀಳುತ್ತದೆಂದು 17,000, ಮಹಾನಗರ ಪಾಲಿಕೆಯ ಕಂದಾಯಕ್ಕೆ ಸುಮಾರು 9,000, ಬಣ್ಣ, ಪಂಪು, ಕೊಳಾಯಿ ಮತ್ತು ತಾರಸಿಯ ಸೋರಿಕೆಗೆ ಸರಾಸರಿ 40,000 ಕಳೆದೆವು. ಉಳಿದದ್ದು 1,38,000, ಅಂದರೆ ತಿಂಗಳಿಗೆ 11,500. ಹಾಕಿದ ಹಣದ ಮೇಲೆ ಶೇ. 2.5ರ ಆಸುಪಾಸು. 40,000 ಹೆಚ್ಚಾಯಿತೆಂದು ಯಜಮಾನರು ವಾದಿಸಿದರು. ಬಯಲುಸೀಮೆಯ ಊರಾಗಿದ್ದರೆ ನಾನೂ ಒಪ್ಪುತ್ತಿದ್ದೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗಳು ನೀರು ಕುಡಿಯುತ್ತವೆ, ತಾರಸಿಯ ಮೇಲೆ ಶೀಟು ಹೊದಿಸದ ಹಳೆಯ ಮನೆ ಕೆಲವೇ ವರ್ಷಗಳಲ್ಲಿ ದೊಡ್ಡ ಖರ್ಚಿಗೆ ಎಳೆಯುತ್ತದೆ. ಅವರಿಗೆ ಮನೆಯನ್ನು ತೋರಿಸಿದ್ದು ದಸರೆ ಕಳೆದ ಮೇಲೆ, ಹೊಸ ಬಣ್ಣ ಬಳಿದ ನಂತರ. ಆಷಾಢದಲ್ಲಿ ಆ ಗೋಡೆ ಹೇಗಿತ್ತೆಂದು ಅಲ್ಲಿರುವ ಬಾಡಿಗೆದಾರರನ್ನೇ ಕೇಳಿ ಬನ್ನಿ ಎಂದೆ. ಕೇಳಿ ಬಂದರು, ಅದಾದ ಮೇಲೆ ಆ 40,000ದ ಬಗ್ಗೆ ಅವರು ಮಾತೆತ್ತಲಿಲ್ಲ.

ಅದೇ ಹಣವನ್ನು ಬೇರೆ ಕಡೆ ತೊಡಗಿಸಿದರೆ ಏನಾಗುತ್ತದೆಂಬುದು ಮುಂದಿನ ಲೆಕ್ಕ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು 30 ಲಕ್ಷದವರೆಗೆ ಇಡಬಹುದು. ಆಗ ಬಡ್ಡಿ ಶೇ. 8.2 ಇದ್ದುದರಿಂದ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಖಾತೆಗೆ ಬೀಳುತ್ತದೆ. ಪತ್ನಿಗೆ ಅರವತ್ತಾಗಿಲ್ಲದ ಕಾರಣ ಅವರ ಹೆಸರಿನಲ್ಲಿ ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯನ್ನು ಸೂಚಿಸಿದೆ. ಅದರಲ್ಲಿ ಒಬ್ಬರ ಮಿತಿ 9 ಲಕ್ಷ, ಬಡ್ಡಿ ಶೇ. 7.4, ತಿಂಗಳಿಗೆ 5,550 ರೂಪಾಯಿ. ಎರಡೂ ಸೇರಿ 39 ಲಕ್ಷದಿಂದ ತಿಂಗಳಿಗೆ 26,050 ಬರುತ್ತದೆ, 15 ಲಕ್ಷ ಇನ್ನೂ ಕೈಯಲ್ಲಿರುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಇಂಥ ಆದಾಯಕ್ಕೆ ತೆರಿಗೆ ಕಟ್ಟಬೇಕಾಗಿ ಬರುವುದಿಲ್ಲವಾದ್ದರಿಂದ, ಬಾಡಿಗೆ ಆದಾಯಕ್ಕೆ ತೆರಿಗೆ ಲೆಕ್ಕ ಹಾಕುವಾಗ ಸಿಗುವ ಶೇ. 30ರ ಕಡಿತ ಇವರ ಮಟ್ಟಿಗೆ ಆಕರ್ಷಣೆಯೇ ಅಲ್ಲ.

ಬಾಡಿಗೆಯ ಪರವಾದ ಬಲವಾದ ಮಾತನ್ನೂ ನಾನೇ ಅವರ ಮುಂದಿಟ್ಟೆ. ಬಡ್ಡಿ ಏರುವುದಿಲ್ಲ. ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರುತ್ತ ಹೋದರೆ ಹನ್ನೆರಡು ವರ್ಷಗಳಲ್ಲಿ ಇದೇ 26,050ಕ್ಕೆ ಇಂದಿನ ಅರ್ಧದಷ್ಟೇ ಸಾಮಾನು ಬರುತ್ತದೆ. ಐದು ವರ್ಷದ ಅವಧಿ ಮುಗಿದಾಗ ದರ ಇದೇ ಇರುತ್ತದೆಂಬ ಖಾತರಿಯೂ ಇಲ್ಲ. ಇದೇ ಹಿರಿಯ ನಾಗರಿಕರ ಯೋಜನೆಯ ದರ 2020ರ ಏಪ್ರಿಲ್‌ನಲ್ಲಿ ಶೇ. 8.6ರಿಂದ ಶೇ. 7.4ಕ್ಕೆ ಇಳಿದಿತ್ತು. ಬಾಡಿಗೆಯಾದರೋ ನಿಧಾನವಾಗಿಯಾದರೂ ಏರುತ್ತದೆ. ಹಾಗೆಂದು ಇಡೀ ಗಂಟನ್ನು ಒಂದೇ ಗೋಡೆಯೊಳಗೆ ಹೂಳಬೇಕಾಗಿಲ್ಲ. ಬೆಲೆ ಏರಿದ ಲಾಭ ಮನೆ ಮಾರಿದಾಗಲೇ ಕೈಗೆ ಬರುವುದು. ರಾತ್ರೋರಾತ್ರಿ ಆಸ್ಪತ್ರೆಗೆ ಎರಡು ಲಕ್ಷ ಬೇಕಾದಾಗ ಮನೆಯ ಒಂದು ಕೋಣೆಯನ್ನು ಮಾರಲಾಗುವುದಿಲ್ಲ.

ಇಷ್ಟೆಲ್ಲ ನಡೆಯುವಾಗ ಪತ್ನಿ ಒಂದು ಮಾತನ್ನೂ ಆಡಿರಲಿಲ್ಲ. ಇಂಥ ಮೌನವನ್ನು ಒಪ್ಪಿಗೆಯೆಂದು ತಿಳಿಯಬಾರದೆಂದು ನಾನು ಬಲವಾಗಿ ನಂಬಿದ್ದೇನೆ; ವಯಸ್ಸಿನ ಅಂತರವನ್ನು ನೋಡಿದರೆ ಈ ಹಣದ ಮೇಲೆ ಹೆಚ್ಚು ವರ್ಷ ಬದುಕಬೇಕಾದವರು ಬಹುಶಃ ಅವರೇ. ಮುಂದಿನ ಸಲ ಅವರೊಬ್ಬರನ್ನೇ ಕೂರಿಸಿಕೊಂಡು ಕೇಳಿದಾಗ ಮೆಲ್ಲಗೆ ಹೇಳಿದರು: “ಇವರು ಇರುವಷ್ಟು ದಿನ ಎಲ್ಲ ಸರಿ ಮೇಡಂ. ಆಮೇಲೆ ತಿಂಗಳು ತಿಂಗಳು ಬಾಡಿಗೆ ಕೊಡಿ ಅಂತ ಇನ್ನೊಬ್ಬರ ಮನೆ ಬಾಗಿಲಿಗೆ ನಾನು ಹೋಗಲಾರೆ. ಮಗನೂ ಅಲ್ಲಿಂದ ಬಂದು ಹೋಗಿ ನೋಡಿಕೊಳ್ಳೋದು ಆಗದ ಮಾತು.” ನನ್ನ ದೃಷ್ಟಿಯಲ್ಲಿ ಪ್ರಕರಣದ ತಿರುಳು ಇಲ್ಲೇ ಇತ್ತು. ಬಾಡಿಗೆ ಮನೆ ಹೂಡಿಕೆಯಷ್ಟೇ ಅಲ್ಲ, ಅದೊಂದು ಕೆಲಸ. ಹನ್ನೊಂದು ತಿಂಗಳ ಕರಾರು ಬರೆಸುವುದು, ಅಡ್ವಾನ್ಸ್ ಹಿಂತಿರುಗಿಸುವುದು, ಬಿಡದೆ ಕೂತವರನ್ನು ಬಿಡಿಸುವುದು, ಇವೆಲ್ಲ ಎಪ್ಪತ್ತೈದರ ವಯಸ್ಸಿನಲ್ಲಿ ಯಾರ ಪಾಲಿಗೆ ಬೀಳುತ್ತವೆ ಎಂದು ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕು. ಪತ್ನಿಯ ಅನುಮತಿ ಪಡೆದು, ಅವರ ಮಾತನ್ನು ಅವರ ಬಾಯಿಂದಲೇ ಯಜಮಾನರ ಎದುರು ಹೇಳಿಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಇದನ್ನು ನನಗೆ ಯಾಕೆ ಹೇಳಲಿಲ್ಲ?” ಎಂದರು.

ಆಗ ಹೊರಬಿದ್ದ ಇನ್ನೊಂದು ಸಂಗತಿ, ಇರುವ ಮನೆಯ ಮಹಡಿ ವರ್ಷಗಳಿಂದ ಖಾಲಿಯಿತ್ತು ಎಂಬುದು. ಮಗ ಬಂದಾಗ ಇರಲೆಂದು ಬೀಗ ಹಾಕಿಟ್ಟಿದ್ದರು. ಅವನನ್ನೇ ಫೋನಿನಲ್ಲಿ ಕೇಳೋಣವೆಂದೆ. ಕೆಳಗಿನ ಒಂದು ಕೋಣೆ ತನಗೆ ಸಾಕು, ಮಹಡಿಯನ್ನು ಬಾಡಿಗೆಗೆ ಕೊಡಿ ಎಂದು ಅವನು ಕೂಡಲೇ ಹೇಳಿದ. ಏರುವ ಆದಾಯ ಬೇಕೆಂಬ ಯಜಮಾನರ ಆಸೆಗೆ ಉತ್ತರ ಅವರ ತಲೆಯ ಮೇಲೆಯೇ ಇತ್ತು.

ನಾನು ಬರೆದುಕೊಟ್ಟ ಸಲಹೆ ಹೀಗಿತ್ತು. ಗೋಪಾಳದ ಮನೆ ಬೇಡ. ಮೇಲಿನ ಎರಡು ಯೋಜನೆಗಳಲ್ಲಿ 39 ಲಕ್ಷ ಇಡಿ. ಹಿರಿಯ ನಾಗರಿಕರ ಖಾತೆಯನ್ನು ಪತ್ನಿಯ ಜೊತೆ ಜಂಟಿಯಾಗಿಯೇ ತೆರೆಯಿರಿ, ಏಕೆಂದರೆ ಹಾಗೆ ಮಾಡಿದರೆ ನಿಮ್ಮ ನಂತರವೂ ಅವಧಿ ಮುಗಿಯುವವರೆಗೆ ಅವರು ಅದನ್ನು ಮುಂದುವರಿಸಬಹುದು. ಮಹಡಿಗೆ ಪ್ರತ್ಯೇಕ ಮೆಟ್ಟಿಲು, ಪ್ರತ್ಯೇಕ ವಿದ್ಯುತ್ ಮೀಟರ್ ಮಾಡಿಸಲು 3 ಲಕ್ಷ ಖರ್ಚು ಮಾಡಿ. ತಿಂಗಳಿಗೆ 7,000 ಬಂದರೂ ಅದರಷ್ಟು ಒಳ್ಳೆಯ ಪ್ರತಿಫಲ ಬೇರೆಲ್ಲೂ ಸಿಗದು. ಆಪತ್ಕಾಲಕ್ಕೆ 5 ಲಕ್ಷವನ್ನು ಬ್ಯಾಂಕಿನ ಠೇವಣಿಯಲ್ಲಿಡಿ. ಹೆಚ್ಚು ಬಡ್ಡಿ ಕೊಡುವ ಪತ್ತಿನ ಸಹಕಾರ ಸಂಘದಲ್ಲಿ ಇಡಬೇಕೆಂದು ಬಂಧುಗಳೊಬ್ಬರು ಹೇಳಿದ್ದರು. 5 ಲಕ್ಷದವರೆಗಿನ ಠೇವಣಿ ವಿಮೆ ಬ್ಯಾಂಕುಗಳಿಗೂ ಸಹಕಾರಿ ಬ್ಯಾಂಕುಗಳಿಗೂ ಉಂಟು, ಅಂಥ ಸಂಘಗಳಿಗೆ ಇಲ್ಲ. ಆದ್ದರಿಂದ ಅದು ಬೇಡವೆಂದು ಸ್ಪಷ್ಟವಾಗಿ ಹೇಳಿದೆ. ಉಳಿದ 7 ಲಕ್ಷವನ್ನು ಒಂದೇ ಸಲ ಹಾಕದೆ, ಒಂದೂವರೆ ವರ್ಷದ ಅವಧಿಯಲ್ಲಿ ಕಂತುಕಂತಾಗಿ ಇಂಡೆಕ್ಸ್ ಫಂಡಿಗೆ (ಷೇರುಪೇಟೆಯ ಸೂಚ್ಯಂಕವನ್ನೇ ಅನುಸರಿಸುವ ಮ್ಯೂಚುವಲ್ ಫಂಡ್) ಹಾಕಿ ಹತ್ತು ವರ್ಷ ಮುಟ್ಟದಿರಬೇಕು. ಬೆಲೆಯೇರಿಕೆಗೆ ಎದುರು ನಿಲ್ಲಬೇಕಾದದ್ದು ಮುಖ್ಯವಾಗಿ ಈ ಭಾಗ. ನಡುವೆ ಅದರ ಮೌಲ್ಯ ಮೂರರಲ್ಲೊಂದು ಪಾಲು ಕುಸಿಯಬಹುದು, ಅದನ್ನು ಕಂಡು ನಿದ್ದೆಗೆಡುವುದಾದರೆ ಮೊತ್ತವನ್ನು ಈಗಲೇ ಕಡಿಮೆ ಮಾಡಿಕೊಳ್ಳಿ ಎಂದೂ ಎಚ್ಚರಿಸಿದೆ. ಅವರು 5 ಲಕ್ಷಕ್ಕೆ ಇಳಿಸಿ, 2 ಲಕ್ಷವನ್ನು ಪತ್ನಿಯ ಹೆಸರಿನಲ್ಲಿ ಬೇರೊಂದು ಬ್ಯಾಂಕಿನಲ್ಲಿ ಠೇವಣಿಯಿಟ್ಟರು. ಅಡಿಕೆಯ ಪಾಲನ್ನು ನಾವು ಲೆಕ್ಕಕ್ಕೆ ಹಿಡಿಯಲೇ ಇಲ್ಲ. ಕೊಳೆ ಮತ್ತು ಎಲೆಚುಕ್ಕೆ ರೋಗದ ಕಾಲದಲ್ಲಿ ಅದು ಬಂದ ವರ್ಷ ಬಂದ ಹಣ.

ತಂದೆಯಿಂದ ಬಂದ ಬಾಡಿಗೆ ಮನೆ ಈಗಾಗಲೇ ಇದ್ದವರಿಗೆ, ಅಥವಾ ಊರಿನಲ್ಲೇ ಇದ್ದು ನೋಡಿಕೊಳ್ಳುವ ಮಕ್ಕಳಿರುವವರಿಗೆ ನಾನು ಇದೇ ಸಲಹೆ ಕೊಡುತ್ತಿರಲಿಲ್ಲ. ಸಂಸಾರದ ಖರ್ಚೆಲ್ಲ ಸರ್ಕಾರಿ ಪಿಂಚಣಿಯಲ್ಲೇ ನಡೆಯುವವರು ಇಂಥ ಮನೆ ಕೊಂಡರೂ ನಾನು ಅಡ್ಡಿ ಹೇಳುವುದಿಲ್ಲ, ಅವರಿಗೆ ಕಾಯುವ ಶಕ್ತಿಯಿರುತ್ತದೆ. ಈ ದಂಪತಿಗೆ ಅದು ಇರಲಿಲ್ಲ.

ಮಹಡಿಗೆ ಈಗ ಬಾಡಿಗೆದಾರರು ಬಂದಿದ್ದಾರೆ. ಯಜಮಾನರಿಗೆ ನಿವೇಶನವೊಂದನ್ನಾದರೂ ಕೊಳ್ಳಬೇಕೆಂಬ ಆಸೆ ಹೋಗಿಲ್ಲ. ಹಿರಿಯ ನಾಗರಿಕರ ಖಾತೆಯ ಐದು ವರ್ಷ ಮುಗಿದಾಗ, ಅಂದಿನ ದರವನ್ನೂ ಪತ್ನಿಯ ಅಭಿಪ್ರಾಯವನ್ನೂ ಎದುರಿಗಿಟ್ಟುಕೊಂಡು ಆ ಮಾತನ್ನು ಮತ್ತೆ ತೆಗೆಯುವುದೆಂದು ಇಬ್ಬರೂ ಒಪ್ಪಿದ್ದಾರೆ.