ತಪ್ಪೆಲ್ಲ ಏರ್‌ಪೋರ್ಟ್ ಒಂದರ ಮೇಲೇ ಹಾಕೋಕಾಗಲ್ಲ

ದೇವನಹಳ್ಳಿ ಕಡೆಯ ಓದುಗರೊಬ್ಬರು ಗ್ರೀಸಿನ ಅಥೆನ್ಸ್ ಪಕ್ಕದ ಸ್ಪಾಟಾ ಅನ್ನೋ ದ್ರಾಕ್ಷಿ ಊರು ಹೇಗೆ ಪೇಟೆಯ ಸಬರ್ಬ್ ಆಯ್ತು ಅನ್ನೋ ಹೋದ ಸಂಚಿಕೆಯ ಲೇಖನ ಓದಿ ಉದ್ದ ಪತ್ರ ಬರೆದಿದ್ದಾರೆ. ಸಾರ ಇಷ್ಟು: "ಅಥೆನ್ಸ್ ಏರ್‌ಪೋರ್ಟು ದ್ರಾಕ್ಷಿ ತೋಟ ನುಂಗ್ತು ಅಂತ ಗೋಳಾಡಿದ್ದೀರಿ. ಅಲ್ಲಿನ ರೈತರು ತಾವೇ ಮಾರ್ಲಿಲ್ವಾ? ನಮ್ಮೂರಲ್ಲಿ ಮಾರಿದ್ದು ನಾವೇ, ಮಾರಿದೋರು ಚೆನ್ನಾಗೇ ಇದ್ದಾರೆ. ಪೇಟೇಲಿ ಕೂತೋರಿಗೆ ಮಾತ್ರ ಹೊಲ ಅಂದ್ರೆ ಕಣ್ಣೀರು. ಅಂದ ಹಾಗೆ, ಅಲ್ಲಿ ಈಗ ದ್ರಾಕ್ಷಿ ಒಂದೂ ಇಲ್ವಾ?"

ಸಂಪಾದಕರ ಉತ್ತರ:

ಸರ್, ಆ ಕಣ್ಣೀರಿನ ಮಾತು ನನಗೇ ಅಂತ ಗೊತ್ತಾಯ್ತು, ಇರ್ಲಿ. ನೀವು ಹೇಳಿದ್ದರಲ್ಲಿ ಅರ್ಧ ಒಪ್ತೀನಿ, ಇನ್ನರ್ಧಕ್ಕೆ ಜಗಳ ಇದೆ.

ಮೊದಲನೇ ಮಾತು, ಮಾರಿದ್ದು ಬೇರೆ, ಕಿತ್ಕೊಂಡಿದ್ದು ಬೇರೆ. ಸ್ಪಾಟಾ ಇರೋದು ಅಥೆನ್ಸಿನ ಪೂರ್ವಕ್ಕೆ, ಮೆಸೋಗಿಯಾ ಅನ್ನೋ ಬಯಲಲ್ಲಿ. ಏರ್‌ಪೋರ್ಟಿಗೆ ಹೋದದ್ದು ಸುಮಾರು 4 ಸಾವಿರ ಎಕರೆ, ಹೆಚ್ಚೂಕಮ್ಮಿ ನಿಮ್ಮ ಕಡೆಯಷ್ಟೇ. ಅದು ಸರ್ಕಾರಿ ಭೂಸ್ವಾಧೀನ, ಅಲ್ಲಿ ಒಲ್ಲೆ ಅನ್ನೋ ಮಾತೇ ಇಲ್ಲ. 70ರ ದಶಕದಲ್ಲೇ ಜಾಗ ಗುರುತು ಮಾಡಿದ್ರು, ಕೆಲಸ ಶುರುವಾಗಿದ್ದು 1996ರಲ್ಲಿ, ವಿಮಾನ ಇಳಿದದ್ದು 2001ರ ಮಾರ್ಚಲ್ಲಿ. ಅಷ್ಟು ವರ್ಷ ತಲೆ ಮೇಲೆ ಕತ್ತಿ ತೂಗ್ತಾ ಇದ್ರೆ ಯಾವ ರೈತ ಹೊಸ ಬಳ್ಳಿ ನೆಡ್ತಾನೆ ಹೇಳಿ, ನೆಟ್ರೂ ಫಸಲು ನೋಡೋಕೆ ಮೂರ್ನಾಲ್ಕು ವರ್ಷ ಬೇಕು. ಹೊಸ ಶಿಲಾಯುಗದಲ್ಲೇ ಜನ ಇದ್ದ ಜಗಾನಿ ಗುಡ್ಡವನ್ನೂ ರನ್‌ವೇಗೋಸ್ಕರ ಉತ್ಖನನ ಮಾಡಿ ನೆಲಸಮ ಮಾಡಿದ್ರು.

ಆದ್ರೆ ಊರು ಸಬರ್ಬ್ ಆಗೋಕೆ ಏರ್‌ಪೋರ್ಟ್ ಒಂದೇ ಕಾರಣ ಅಲ್ಲ, ಇಲ್ಲಿ ನಿಮ್ಮ ಮಾತು ಸರಿ. ಅಲ್ಲಿ ಬೆಳೀತಿದ್ದದ್ದು ಸವಾತಿಯಾನೋ ಅನ್ನೋ ಬಿಳಿ ದ್ರಾಕ್ಷಿ, ಚಪ್ಪರ ಇಲ್ಲ, ನೀರೂ ಹಾಯಿಸಲ್ಲ, ಮೊಣಕಾಲೆತ್ತರದ ಪೊದೆ. ಅದರ ರಸಕ್ಕೆ ಪೈನ್ ಮರದ ಅಂಟು ಹಾಕಿ ಮಾಡೋ ವೈನೇ ರೆಟ್ಸಿನಾ. ಒಂದು ಕಾಲಕ್ಕೆ ಅಥೆನ್ಸಿನ ಹೋಟೆಲುಗಳಿಗೆಲ್ಲ ಪೀಪಾಯಿ ಲೆಕ್ಕದಲ್ಲಿ ಹೋಗ್ತಿತ್ತು, ಆಮೇಲೆ ಅಗ್ಗದ ವೈನು ಅನ್ನೋ ಹೆಸರು ಬಂದು ರೇಟು ಬಿತ್ತು. 80ರ ದಶಕದ ಕೊನೇಲಿ ಯುರೋಪಿನ ಒಕ್ಕೂಟದವರು ವೈನು ಜಾಸ್ತಿಯಾಯ್ತು ಅಂತ ಬಳ್ಳಿ ಕಿತ್ತವರಿಗೆ ದುಡ್ಡು ಕೊಟ್ರು. ಬೆಳೆಯೋಕಿಂತ ಕೀಳೋದೇ ಲಾಭ ಅಂದ್ಮೇಲೆ ರೈತನ್ನ ಬೈದು ಏನು ಪ್ರಯೋಜನ?

ಇದಕ್ಕಿಂತ ದೊಡ್ಡ ಆಟ ಆಡಿದ್ದು ಒಂದು ಕಟ್ಟಡ ನಿಯಮ, ನಮ್ಮ ಲೇಖನದಲ್ಲಿ ಜಾಗ ಸಾಲದೆ ಬಿಟ್ಟಿದ್ವಿ. ಗ್ರೀಸಲ್ಲಿ ಊರಿನ ಪ್ಲಾನ್ ಆಚೆ ಇರೋ ಜಮೀನಲ್ಲೂ, ಸಾಮಾನ್ಯವಾಗಿ 4 ಸಾವಿರ ಚದರ ಮೀಟರ್ ಇದ್ರೆ ಮನೆ ಕಟ್ಟಬಹುದು. ಅಂದ್ರೆ ಹತ್ತತ್ರ ನಮ್ಮ ಒಂದು ಎಕರೆ. ಅಪ್ಪನ ತೋಟ ಮಕ್ಕಳಿಗೆ ಪಾಲಾಗಿ ಆಗಿ ಕೊನೆಗೆ ಉಳಿಯೋ ತುಂಡು ಬೇಸಾಯಕ್ಕೆ ಸಾಲಲ್ಲ, ಸೈಟಿಗೆ ಮಾತ್ರ ಚಿನ್ನ. ಲೇಔಟ್ ಅಂತ ಏನೂ ಇಲ್ಲ, ತೋಟದ ಮಧ್ಯೆ ಇಲ್ಲೊಂದು ವಿಲ್ಲಾ, ಅಲ್ಲೊಂದು ಗೋಡೌನ್, ಚರಂಡಿ ರಸ್ತೆ ಎಲ್ಲ ಆಮೇಲೆ. ಪಕ್ಕದ ಸಮುದ್ರದಂಡೆಯ ಲೂಟ್ಸಾದಲ್ಲಂತೂ ಅಥೆನ್ಸಿನವರು ಬೇಸಿಗೆಗೆ ಅಂತ ಕಟ್ಕೊಂಡ ಮನೆಗಳೇ ವರ್ಷಪೂರ್ತಿ ಇರೋ ಮನೆಗಳಾದ್ವು. ಏರ್‌ಪೋರ್ಟ್ ಬಂದ್ಮೇಲೆ, 2003ರಲ್ಲಿ ಈ ಬಯಲಲ್ಲಿ ಇದಕ್ಕೆಲ್ಲ ಕಡಿವಾಣ ಹಾಕೋ ಕಾನೂನು ಬಂತು, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಇನ್ನು ರಸ್ತೆ. ಏರ್‌ಪೋರ್ಟ್ ಜೊತೆಗೇ ಬಂದ ಅತ್ತಿಕಿ ಓದೋಸ್ ಟೋಲ್ ರಸ್ತೆಯಿಂದ, ಸ್ಪಾಟಾದಲ್ಲಿ ಮಲಗಿ ಅಥೆನ್ಸಿನ ಉತ್ತರದ ಆಫೀಸಿಗೆ ಹೋಗಿಬರೋದು ಸಾಧ್ಯ ಆಯ್ತು. 2004ರ ಒಲಿಂಪಿಕ್ಸ್ ಹೊತ್ತಿಗೆ ಮೆಟ್ರೋನೂ ಬಂತು, ಆದ್ರೆ ಹಳಿ ಇರೋದು ಹೈವೇ ನಡುವೆ, ಊರೊಳಗೆ ಸ್ಟೇಷನ್ ಇಲ್ಲ, ಹಾಗಾಗಿ ಕಾರಿಲ್ಲದೆ ನಡೆಯಲ್ಲ. ಇದೇ ಬಯಲಲ್ಲಿ ಮೊದಲು ಲಾವ್ರಿಯೋ ಅನ್ನೋ ಬಂದರಿನ ಕಡೆಗೆ ಒಂದು ಪುಟ್ಟ ರೈಲು ಓಡ್ತಿತ್ತು, 1957ರಲ್ಲಿ ನಿಲ್ಲಿಸಿಬಿಟ್ರು. ಅದಿದ್ದಿದ್ರೆ ಅಂತ ಯೋಚಿಸ್ತೀನಿ ನಾನು, ಪೇಟೇಲಿ ಕೂತು.

ಮಾರಿದೋರು ಚೆನ್ನಾಗಿದ್ದಾರೆ ಅಂದ್ರಲ್ಲ, ಸ್ಪಾಟಾದಲ್ಲೂ ಆ ಮಾತು ಸುಳ್ಳಲ್ಲ. ಗ್ರೀಸಿನ ಗುಡ್ಡಗಾಡಿನ ಹಳ್ಳಿಗಳು ಖಾಲಿಯಾದ್ವು, ಇಲ್ಲಿ ಮಕ್ಕಳು ಊರಲ್ಲೇ ಉಳಿದ್ರು, ಏರ್‌ಪೋರ್ಟು, ಗೋಡೌನು, ಮಾಲ್‌ಗಳಲ್ಲಿ ಕೆಲಸ ಸಿಕ್ತು. ಕಳ್ಕೊಂಡಿದ್ದು ಬೇರೆ. ಈ ಊರಿನವರು ಅರ್ವಾನಿಟಿಗಳು, ಅಜ್ಜಿ ತಾತಂದಿರು ಮನೇಲಿ ಆಡ್ತಿದ್ದದ್ದು ಅಲ್ಬೇನಿಯನ್ ಬಗೆಯ ನುಡಿ, ಅದು ಮೊಮ್ಮಕ್ಕಳಿಗೆ ಬರಲ್ಲ. ಆದ್ರೆ ಜೂನ್ 29ರ ಪೇತ್ರ-ಪೌಲರ ಹಬ್ಬ ಬಿಟ್ಟಿಲ್ಲ, ರಾತ್ರಿಯೆಲ್ಲ ಕೊಪ್ಪರಿಗೆಗಳಲ್ಲಿ ದನದ ಮಾಂಸ ಈರುಳ್ಳಿ ಬೇಯಿಸಿ, ಬೆಳಗ್ಗೆ ಪೂಜೆ ಮುಗಿದ ಮೇಲೆ ಬಂದೋರಿಗೆಲ್ಲ ಹಂಚ್ತಾರೆ. ನಿನ್ನೆ ಮೊನ್ನೆ ಬಂದ ವಿಲ್ಲಾದವರೂ ಪಾತ್ರೆ ಹಿಡ್ಕೊಂಡು ನಿಲ್ಲಬಹುದು.

ದ್ರಾಕ್ಷಿ ಇದೆ ಸರ್, ಪೂರ್ತಿ ಹೋಗಿಲ್ಲ. ಅದೇ ಬಯಲಿನ ಮಾರ್ಕೋಪುಲೋ ಕಡೆ ಕೆಲವರು ಅದೇ ಸವಾತಿಯಾನೋನ ಅಂಟು ಹಾಕದೆ ಬಾಟ್ಲಿ ಮಾಡಿ ಒಳ್ಳೆ ರೇಟಿಗೆ ಮಾರ್ತಾರೆ. ನಿಮ್ಮ ಕಡೆ ಬೆಂಗಳೂರು ಬ್ಲೂ ದ್ರಾಕ್ಷಿ ಕಥೆ ಏನು, ಎಕರೆಗೆ ಖರ್ಚೆಷ್ಟು, ಕೈಗೆ ಉಳಿಯೋದೆಷ್ಟು, ಲೆಕ್ಕ ಸಮೇತ ಬರೆದು ಕಳ್ಸಿ, ಒಂದಕ್ಷರ ಕತ್ತರಿಸದೆ ಹಾಕ್ತೀವಿ.