ಓದುಗರ ಪ್ರಶ್ನೆ: ಸಭೆಯ ಸೇವೆಗೆ ಹೆಗಲು ಕೊಡುವ ಮುನ್ನ

ಪ್ರಶ್ನೆ: ಪ್ರತಿ ಭಾನುವಾರ ಚರ್ಚಿನ ಆರಾಧನೆಗೆ ಬಂದು ಮುಗಿದೊಡನೆ ಹೊರಡುತ್ತೇನೆ. ಸೇವೆ ಮಾಡುವ ಆಸೆಯಿದೆ, ಆದರೆ ಹಾಡಲು ಬಾರದು, ಪ್ರಾರ್ಥನೆ ನಡೆಸುವ ಧೈರ್ಯವೂ ಇಲ್ಲ. ಎಲ್ಲಿಂದ ಶುರುಮಾಡಲಿ?

ಉತ್ತರ: ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ತೆರೆದು ನೋಡಿ. ದಿನನಿತ್ಯದ ಆಹಾರ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆಂಬ ಗೊಣಗಾಟ ಎದ್ದಾಗ ಸಭೆ ಆ ಕೆಲಸಕ್ಕೆ ಏಳು ಮಂದಿಯನ್ನು ಆರಿಸಿತು. ಅವರಲ್ಲಿ ನೋಡಿದ್ದು ಒಳ್ಳೆಯ ಹೆಸರು, ಪವಿತ್ರಾತ್ಮನ ತುಂಬುವಿಕೆ ಮತ್ತು ವಿವೇಕ. ಕಂಠದ ಮಾತೇ ಅಲ್ಲಿಲ್ಲ.

ಮುಂದಿನ ಎರಡು ಭಾನುವಾರ ಅರ್ಧ ಗಂಟೆ ಮೊದಲೇ ಬನ್ನಿ, ಮುಗಿದ ಮೇಲೆ ಅರ್ಧ ಗಂಟೆ ಉಳಿಯಿರಿ. ಬೆಂಚು ಸಾಲುಮಾಡುವವರು, ಹಾಡಿನ ಪುಸ್ತಕ ಹಂಚುವವರು, ಮೆಟ್ಟಿಲಲ್ಲಿ ವಯಸ್ಸಾದವರ ಕೈ ಹಿಡಿಯುವವರು ಯಾರು, ಎಲ್ಲಿ ಒಬ್ಬರೇ ಒದ್ದಾಡುತ್ತಿದ್ದಾರೆ ಎಂಬುದು ತಾನಾಗಿ ಕಾಣುತ್ತದೆ. “ಏನಾದರೂ ಕೆಲಸವಿದ್ದರೆ ಹೇಳಿ” ಎಂದು ಪಾಸ್ಟರಿಗೋ ಫಾದರಿಗೋ ಹೇಳಿದರೆ ಆ ಮಾತು ಅಲ್ಲಿಗೇ ಮರೆತುಹೋಗುತ್ತದೆ. “ಮೂರು ತಿಂಗಳು ಪುಸ್ತಕ ಹಂಚುವುದು ನನ್ನ ಪಾಲಿಗಿರಲಿ” ಅನ್ನಿ. ಆ ಮೂರು ತಿಂಗಳು ಬೇರೇನನ್ನೂ ಒಪ್ಪಿಕೊಳ್ಳಬೇಡಿ. ಬರಲಾಗದ ದಿನ ಬದಲಿಯವರನ್ನು ನೀವೇ ಗೊತ್ತುಮಾಡಿ ಮೊದಲೇ ತಿಳಿಸಿ.

ಪ್ರಶ್ನೆ: ವಾಚನಕ್ಕೆ, ಅಂದರೆ ಆರಾಧನೆಯಲ್ಲಿ ಬೈಬಲ್ ಭಾಗವನ್ನು ಗಟ್ಟಿಯಾಗಿ ಓದುವುದಕ್ಕೆ, ನನ್ನ ಹೆಸರು ಸೇರಿಸಿದ್ದಾರೆ. ಹೇಗೆ ಸಿದ್ಧವಾಗಬೇಕು? ಹೆಂಗಸರು ವಾಚಕರಾಗುವುದಕ್ಕೆ ಅಡ್ಡಿಯಿದೆಯೇ?

ಉತ್ತರ: ಎರಡನೆಯದಕ್ಕೆ ಮೊದಲು. ಕಥೋಲಿಕ ಧರ್ಮಸಭೆಯಲ್ಲಿ ಹೆಂಗಸರು ಬಹುಕಾಲದಿಂದ ವಾಚನ ಮಾಡುತ್ತಿದ್ದರೂ ವಾಚಕರ ಅಧಿಕೃತ ಸೇವಾಪದವಿ ಗಂಡಸರಿಗಷ್ಟೇ ಇತ್ತು. 2021ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ಹೆಂಗಸರಿಗೂ ತೆರೆದರು. ಉಳಿದ ಸಭೆಗಳಲ್ಲಿ ಅವರವರ ನಿಯಮ.

ಸಿದ್ಧತೆಗೆ ನೆಹೆಮೀಯ 8:8ಕ್ಕಿಂತ ಒಳ್ಳೆಯ ಪಾಠವಿಲ್ಲ: ಅಲ್ಲಿ ಗ್ರಂಥವನ್ನು ಸ್ಪಷ್ಟವಾಗಿ ಓದಿದರು, ಜನರಿಗೆ ಅರ್ಥವಾಯಿತು. ಸೋಮವಾರವೇ ಭಾಗವನ್ನು ಹಿಂದಿನ ಮುಂದಿನ ವಚನಗಳೊಡನೆ ಓದಿ. ಬುಧವಾರದಿಂದ ದಿನಕ್ಕೊಮ್ಮೆ ಗಟ್ಟಿಯಾಗಿ ಓದಿ. ಮನಸ್ಸಿನಲ್ಲೇ ಓದಿಕೊಂಡರೆ ನಾಲಿಗೆ ತೊಡರುವ ಜಾಗ ಗೊತ್ತಾಗುವುದಿಲ್ಲ. ಪವಿತ್ರಾತ್ಮ ಇಳಿದುಬಂದುದನ್ನು ನೆನೆಯುವ ಪಂಚಾಶತ್ತಮ ಹಬ್ಬದ ವಾಚನದಲ್ಲಿ ಪಾರ್ಥ್ಯರು, ಮೇದ್ಯರು, ಎಲಾಮ್ಯರು ಎಂದು ಜನಾಂಗಗಳ ಹೆಸರು ಸಾಲಾಗಿ ಬರುತ್ತವೆ, ತಡವರಿಸುವುದು ಅಲ್ಲೇ. ಪೌಲನ ಪತ್ರಗಳಲ್ಲಿ ಕಷ್ಟ ಬೇರೆ. ಎಫೆಸದವರಿಗೆ ಬರೆದ ಪತ್ರದ 1:3ರಿಂದ 14ರವರೆಗೆ ಗ್ರೀಕ್ ಮೂಲದಲ್ಲಿ ಒಂದೇ ವಾಕ್ಯ! ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಪೆನ್ಸಿಲ್ ಗೆರೆ ಹಾಕಿಕೊಂಡು ಹೋಗಿ.

ಕನ್ನಡದಲ್ಲಿ ಓದುವವರು ಇನ್ನೊಂದನ್ನು ಗಮನಿಸಲೇಬೇಕು. ನಮ್ಮಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ, ಇಲ್ಲ ಎಂಬುದೂ ಅಲ್ಲೇ. ಉಸಿರು ಸಾಲದೆ ಕೊನೆಯಲ್ಲಿ ದನಿ ಇಳಿಸಿದರೆ ಹಿಂದಿನ ಬೆಂಚಿನವರಿಗೆ ದೇವರು ಹೇಳಿದ್ದು “ಮರೆಯುವೆ” ಎಂದೋ “ಮರೆಯೆ” ಎಂದೋ ತಿಳಿಯುವುದಿಲ್ಲ. ಅಷ್ಟು ದೊಡ್ಡ ವಾಗ್ದಾನ ಒಂದೆರಡು ಅಕ್ಷರದಲ್ಲಿ ಕಳೆದುಹೋಗಬಾರದು. ಕೊನೆಯ ಪದಕ್ಕೆ ಉಸಿರು ಉಳಿಸಿಕೊಳ್ಳಿ. ಮೈಕ್ ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕಿರಲಿ. ತುಟಿಗೆ ತಾಗುವಂತಿದ್ದರೆ “ಪ್ರಭು” ಎಂದಾಗಲೆಲ್ಲ ಢಬ್ ಎಂದು ಗಾಳಿ ಬಡಿಯುತ್ತದೆ.

ಪ್ರಶ್ನೆ: ಕಾಣಿಕೆ ಎಣಿಸುವ ಕೆಲಸ ಕೊಟ್ಟಿದ್ದಾರೆ. ಪ್ರತಿ ಸಲ ಜೊತೆಗೊಬ್ಬರು ಇರಲೇಬೇಕೆನ್ನುತ್ತಾರೆ. ನನ್ನ ಮೇಲೆ ನಂಬಿಕೆಯಿಲ್ಲವೇ?

ಉತ್ತರ: ಬೇಸರಪಡಬೇಡಿ, ಆ ನಿಯಮ ನಿಮ್ಮನ್ನು ಕಾಯುವುದಕ್ಕೇ ಇದೆ. ಯೆರೂಸಲೇಮಿನ ಬಡವರ ನಿಧಿಯನ್ನು ಒಯ್ಯುವಾಗ ಯಾರೂ ತಪ್ಪು ಹೊರಿಸಬಾರದೆಂದು ಸಭೆಗಳೇ ಆರಿಸಿದ ಸಹೋದರನೊಬ್ಬನು ಜೊತೆಗಿರುವಂತೆ ನೋಡಿಕೊಂಡವನು ಸ್ವತಃ ಪೌಲ (2 ಕೊರಿಂಥ 8:18–21).

ಎಣಿಸುವ ಇಬ್ಬರು ಒಂದೇ ಮನೆಯವರಾಗಿರಬಾರದು. ಆರಾಧನೆ ಮುಗಿದ ಕೂಡಲೇ ಅಲ್ಲೇ ಎಣಿಸಿ. ಚೀಲ ಮನೆಗೆ ಹೋಗಕೂಡದು. ಮುಖಬೆಲೆಯ ಪ್ರಕಾರ ನೋಟು ಬೇರೆ ಮಾಡಿ, ಒಬ್ಬರು ಎಣಿಸಿದ್ದನ್ನು ಇನ್ನೊಬ್ಬರು ಮೊತ್ತ ಕೇಳದೆ ಮತ್ತೆ ಎಣಿಸಿ. ಮೊತ್ತ ಮೊದಲೇ ಕಿವಿಗೆ ಬಿದ್ದರೆ ಎರಡನೆಯ ಎಣಿಕೆ ಅದಕ್ಕೇ ಬಂದು ಕೂರುತ್ತದೆ. ಹೆಸರಿರುವ ಕವರಾದರೆ ಮೇಲೆ ಬರೆದ ಮೊತ್ತಕ್ಕೂ ಒಳಗಿರುವುದಕ್ಕೂ ತಾಳೆ ನೋಡಿ, ವ್ಯತ್ಯಾಸವನ್ನು ಚೀಟಿಯಲ್ಲಿ ಬರೆಯಿರಿ. ಕಡಿಮೆ ಬಂತೆಂದು ನಿಮ್ಮ ಜೇಬಿನಿಂದ ತುಂಬಿಸಬೇಡಿ. ಆಮೇಲೆ ಲೆಕ್ಕದ ಗಂಟು ಯಾರಿಗೂ ಬಿಚ್ಚಲಾಗದು. ಚೀಟಿ ಎರಡು ಪ್ರತಿ, ಎರಡಕ್ಕೂ ಇಬ್ಬರ ಸಹಿ. ಲೆಕ್ಕದ ಪುಸ್ತಕ ಬರೆಯುವವರು ಎಣಿಕೆಗೆ ಕೂರದಿದ್ದರೆ ಒಳ್ಳೆಯದು. ಯಾರು ಎಷ್ಟು ಕೊಟ್ಟರೆಂಬುದು ಆ ಕೋಣೆಯಲ್ಲೇ ಉಳಿಯಲಿ, ಗಂಡ ಹೆಂಡತಿ ನಡುವೆಯೂ ಬೇಡ.

ಪ್ರಶ್ನೆ: ಭಾನುವಾರ ಶಾಲೆ, ಗಾಯನ ವೃಂದ, ರೋಗಿಗಳ ಭೇಟಿ ಎಲ್ಲವೂ ನನ್ನ ಮೇಲಿವೆ. ದಣಿದಿದ್ದೇನೆ, ಬಿಟ್ಟರೆ ತಪ್ಪೆನಿಸುತ್ತದೆ.

ಉತ್ತರ: ತಪ್ಪಲ್ಲ. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ನ್ಯಾಯ ತೀರಿಸುತ್ತಿದ್ದ ಮೋಶೆಗೆ ಅವನ ಮಾವ ಇತ್ರೋ ಇದನ್ನೇ ಹೇಳಿದ್ದು: ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ (ವಿಮೋಚನಕಾಂಡ 18). ಮೊದಲು ಭಾನುವಾರ ಶಾಲೆಗೆ ಜೊತೆಗಾರರನ್ನು ಕೇಳಿ. ಮಕ್ಕಳ ಕೋಣೆಯಲ್ಲಿ ದೊಡ್ಡವರು ಯಾವಾಗಲೂ ಇಬ್ಬರಿರಬೇಕು, ಬಾಗಿಲು ತೆರೆದಿರಬೇಕು. ಆರು ಮಂದಿ ಸಿಕ್ಕರೆ ವಾರಕ್ಕಿಬ್ಬರಂತೆ ಒಬ್ಬೊಬ್ಬರ ಸರದಿ ಮೂರು ವಾರಕ್ಕೊಮ್ಮೆ ಬರುತ್ತದೆ. ಬಿಡುವ ಸೇವೆಯನ್ನು ಒಮ್ಮೆಗೇ ಬಿಡದೆ ಹೊಸಬರನ್ನು ನಾಲ್ಕು ವಾರ ಪಕ್ಕದಲ್ಲಿಟ್ಟುಕೊಳ್ಳಿ: ಎರಡು ವಾರ ಅವರು ನೋಡಲಿ, ಎರಡು ವಾರ ಅವರು ಮಾಡಲಿ, ನೀವು ನೋಡಿ. ಬೀಗದ ಕೈ ಎಲ್ಲಿರುತ್ತದೆ, ಯಾವ ಮಗುವಿಗೆ ಯಾವ ತಿಂಡಿ ಆಗದು, ಯಾವ ರೋಗಿಗೆ ಯಾವ ಹೊತ್ತು ಅನುಕೂಲ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಅವರ ಕೈಗೆ ಕೊಡಿ.